ಹಂಸ ಮತ್ತು ಮಾಗಡಿ ಕೆರೆಯ ಹೆಬ್ಬಾತು

ಹಂಸವು ಪುರಾಣಗಳಲ್ಲಿ ಬ್ರಹ್ಮ ಮತ್ತು ಸರಸ್ವತಿಯರ ವಾಹನವೆಂದು ವರ್ಣಿತವಾದ ಪಕ್ಷಿ. ಇಂದಿನ ಚಿತ್ರಗಳಲ್ಲಿ ಇದನ್ನು ಯುರೋಪಿನ ಬಿಳಿಯ ಸ್ವಾನ್ ಪಕ್ಷಿಯಂತೆ ಬರೆಯುವುದು ರೂಢಿ. ಆದರೆ ಆ ಪಕ್ಷಿ ದಕ್ಷಿಣ ಭಾರತಕ್ಕೆ ವಲಸೆ ಬರುವುದಿಲ್ಲ. ಸಾಹಿತ್ಯ ಮತ್ತು ಶಿಲ್ಪಗಳ ಹಂಸವು ವಾಸ್ತವದಲ್ಲಿ ಹೆಬ್ಬಾತು ಎಂದು ಡಚ್ ವಿದ್ವಾಂಸ ಜೆ. ಫಿ. ಫೋಗೆಲ್ 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಾದಿಸಿದ್ದಾರೆ. ದಕ್ಷಿಣದವರೆಗೂ ದೊಡ್ಡ ಸಂಖ್ಯೆಯಲ್ಲಿ ಬರುವ ಹೆಬ್ಬಾತೆಂದರೆ ಪಟ್ಟೆತಲೆಯ ಹೆಬ್ಬಾತು.

ದೇವಾಲಯಗಳಲ್ಲಿ

ಗದಗದ ತ್ರಿಕೂಟೇಶ್ವರ ದೇವಾಲಯದಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರ ಹೆಸರಿನ ಮೂರು ಲಿಂಗಗಳಿವೆ. ಅದೇ ಆವರಣದಲ್ಲಿ ಕಲ್ಯಾಣ ಚಾಲುಕ್ಯ ಶೈಲಿಯ ಸರಸ್ವತಿ ಗುಡಿಯೂ ಇದೆ. ಹೀಗೆ ಹಂಸವಾಹನರಾದ ಇಬ್ಬರು ದೇವತೆಗಳೂ ಇಲ್ಲಿ ನೆಲೆಸಿದ್ದಾರೆ. ಸೋಮನಾಥಪುರದ ಹೊಯ್ಸಳ ದೇವಾಲಯದ ಭಿತ್ತಿಯ ಕೆಳಪಟ್ಟಿಕೆಗಳಲ್ಲಿ ಹಂಸಗಳದೇ ಒಂದು ಸಾಲುಂಟು.

ಪ್ರಾಚೀನ ರೋಮಿನಲ್ಲಿ ಜೂನೋ ದೇವಿಗೆ ಮೀಸಲಾದ ಬಾತುಗಳನ್ನು ಕ್ಯಾಪಿಟೋಲಿನ್ ಗುಡ್ಡದ ಮೇಲೆ ಸಾಕಲಾಗುತ್ತಿತ್ತು. ಸಾಂಪ್ರದಾಯಿಕ ಗಣನೆಯಂತೆ ಕ್ರಿ.ಪೂ. 390ರಲ್ಲಿ ಗಾಲರು ರಾತ್ರಿ ಗುಡ್ಡವನ್ನೇರಿದಾಗ ಅವುಗಳ ಕೂಗಿನಿಂದ ಕಾವಲಿನವರು ಎಚ್ಚೆತ್ತರೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಪಕ್ಷಿಗಳ ಹಾರಾಟದಿಂದ ಶಕುನ ನೋಡಲು ಗುರುತಿಸಿದ ಜಾಗಕ್ಕೆ ರೋಮನ್ನರು ಕರೆಯುತ್ತಿದ್ದ ‘ಟೆಂಪ್ಲಮ್’ ಎಂಬ ಹೆಸರಿನಿಂದಲೇ ಇಂಗ್ಲಿಷಿನ ‘ಟೆಂಪಲ್’ ಹುಟ್ಟಿತು. ಸಂಸ್ಕೃತದ ‘ಶಕುನ’ಕ್ಕೂ ಪಕ್ಷಿ ಎಂಬ ಅರ್ಥವಿರುವುದು ಗಮನಾರ್ಹ.

ಮಾಗಡಿ ಕೆರೆ

ಗದಗದಿಂದ ಸುಮಾರು 26 ಕಿ.ಮೀ. ದೂರದಲ್ಲಿ, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳಿಗೆ ಸಮೀಪದಲ್ಲಿರುವ ಮಾಗಡಿ ಗ್ರಾಮದ ಕೆರೆಯು ಈ ಹೆಬ್ಬಾತಿನ ಪ್ರಮುಖ ಚಳಿಗಾಲದ ನೆಲೆ. (ಬೆಂಗಳೂರಿನ ಬಳಿಯ ಮಾಗಡಿ ಪಟ್ಟಣ ಬೇರೆ.) ನೀರಾವರಿಗಾಗಿ ಮಳೆನೀರು ಹಿಡಿಯಲು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಕೆರೆಗೆ ಸುಮಾರು 8,000 ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ ಮತ್ತು ಲಡಾಖ್ ಈ ಜಾತಿಯ ಸಂತಾನೋತ್ಪತ್ತಿಯ ಪ್ರದೇಶಗಳು; ವಲಸೆಯಲ್ಲಿ ಇವು ಹಿಮಾಲಯವನ್ನು ದಾಟುತ್ತವೆ. ಅಂಕಸಮುದ್ರ ಮತ್ತು ಅಘನಾಶಿನಿಯ ಜೊತೆಗೆ ಮಾಗಡಿಯನ್ನೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಲಾಯಿತು.

ಸಂರಕ್ಷಣೆ

ಮೀಸಲು ಪ್ರದೇಶವೆಂದು ಘೋಷಿತವಾಗಿರುವುದು ಕೆರೆ. ಹೆಬ್ಬಾತಿನ ಆಹಾರವಿರುವುದು ಹೊಲಗಳಲ್ಲಿ. ಇದು ಮೀನು ಹಿಡಿಯುವ ಪಕ್ಷಿಯಲ್ಲ. ಹಗಲಿನಲ್ಲಿ ನೀರಿನ ಮೇಲೆ ವಿಶ್ರಮಿಸಿ, ಸಂಜೆಯಿಂದ ನಸುಕಿನವರೆಗೆ ಹುಲ್ಲು, ಕಾಳು ಹಾಗೂ ಎಳೆಯ ಪೈರನ್ನು ಮೇಯುತ್ತದೆ. ಆದ್ದರಿಂದ ಕೆರೆಯ ದಂಡೆಯನ್ನಷ್ಟೇ ಕಾಯ್ದರೆ ಸಾಲದು. ಸುತ್ತಲಿನ ರೈತರು ಈ ಹಕ್ಕಿಗಳನ್ನು ಸಹಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರು ನಿಲ್ಲದಿದ್ದರೆ ಹಿಂಡುಗಳು ಬೇರೆ ಕೆರೆಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.