ಟೈಲ್ಸ್ ಸಂದಿಯ ಬಿಳಿ ಕಲೆ: ಗಾರೆಯಿಂದ ಗ್ರೌಟ್‌ವರೆಗೆ ಬಂದ ಸುಣ್ಣದ ಕಥೆ

ಬೆಂಗಳೂರಿನ ಕುರುಬರಹಳ್ಳಿಯಲ್ಲಿ ಈಗ ಹಳ್ಳಿ ಉಳಿದಿರುವುದು ಹೆಸರಿನಲ್ಲಿ ಮಾತ್ರ. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್, ಬಸವೇಶ್ವರನಗರ ಬೆಳೆದು ಊರನ್ನು ಸುತ್ತುವರಿದಿವೆ. ಇಲ್ಲಿ ವರ್ಷವಿಡೀ ಯಾವುದಾದರೊಂದು ಮನೆಯ ಹಳೇ ಬಾತ್‌ರೂಮ್ ಒಡೆದು ಹೊಸ ಟೈಲ್ಸ್ ಹಾಕುತ್ತಲೇ ಇರುತ್ತಾರೆ. ಹಾಕುವ ಹುಡುಗರಲ್ಲಿ ನಮ್ಮ ಹಳ್ಳಿಗಳಿಂದ ಬಸ್ಸು ಹತ್ತಿ ಹೋದವರು ಬಹಳ ಮಂದಿ. ಅದಕ್ಕೇ ಈ ಕಥೆ ನಮ್ಮ ಊರಿನ ಓದುಗರಿಗೂ ಸೇರಿದ್ದು.

ಈಚೆಗೆ ನಮ್ಮ ಪರಿಚಯದವರ ಮನೆಗೆ ಹೋದಾಗ ಅಲ್ಲಿ ಜಗಳ ನಡೆದಿತ್ತು. ಬಾತ್‌ರೂಮಿನ ನೆಲ ಹೊಸದು, ಟೈಲ್ಸ್ ಚೆನ್ನಾಗಿದೆ. ಆದರೆ ಸಂದಿಗೆ ತುಂಬಿದ ಗ್ರೌಟ್ ಬಾಗಿಲ ಬಳಿ ಗಾಢ ಬೂದು, ನಲ್ಲಿಯ ಕೆಳಗೆ ಬಿಳಿಚು, ಮೂಲೆಯಲ್ಲಿ ಮತ್ತೊಂದು ಥರ.

"ಏನಪ್ಪಾ ಇದು? ಕಂಪನಿ ಮಾಲು ಅಂತ ದುಡ್ಡು ಇಸ್ಕೊಂಡು ಬೇರೆ ಏನೋ ತುಂಬಿದ್ದೀಯ!" ಅಂದರು ಯಜಮಾನರು.

"ಇಲ್ರೀ ಸರ್, ಎಲ್ಲಾ ಒಂದ ಪಾಕೀಟಿಂದು ರೀ," ಅಂದ ರಾಯಚೂರು ಕಡೆಯ ಹುಡುಗ.

ಬಾಕಿ ಇದ್ದ ಮೂರು ಸಾವಿರ ರೂಪಾಯಿ ಕೊಡಲು ಅವರು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ನಮಗೂ ಹುಡುಗನ ಮೇಲೇ ಅನುಮಾನ ಬಂತು. ಆಮೇಲೆ ಸಂದಿಯ ಇತಿಹಾಸ ಕೆದಕಿದಾಗ ನಮ್ಮ ತಪ್ಪು ತಿಳಿಯಿತು.

ನಮ್ಮ ಅಜ್ಜಂದಿರ ಕಾಲದಲ್ಲಿ ಸಿಮೆಂಟ್ ಇರಲಿಲ್ಲ, ಗಾರೆ ಇತ್ತು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾರೆ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವುದೂ ಇತ್ತು. ಈ ಗಾರೆ ಗಟ್ಟಿಯಾಗುತ್ತಿದ್ದುದು ಗಾಳಿಯಿಂದ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಸುಣ್ಣಕಲ್ಲಾಗುತ್ತದೆ. ಇದಕ್ಕೆ ತಿಂಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅವಸರ ಮಾಡಿದರೆ ಗಾರೆ ಕೇಳುತ್ತಿರಲಿಲ್ಲ.

ಆಮೇಲೆ ಸಿಮೆಂಟ್ ಬಂತು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವರು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದರು. ಸಿಮೆಂಟ್ ಗಾಳಿಗೆ ಕಾಯುವುದಿಲ್ಲ, ನೀರು ಸೇರಿದರೆ ಸಾಕು, ಗಂಟೆಗಳಲ್ಲಿ ಬಿಗಿಯುತ್ತದೆ. ನಮ್ಮ ಮನೆಗಳ ಕೆಂಪು ನೆಲಕ್ಕೆ ರೆಡ್ ಆಕ್ಸೈಡ್ ಬೆರೆಸಿದ್ದು ಇದೇ ಸಿಮೆಂಟಿಗೆ. ಆಗಲೂ ಬಣ್ಣದ ಭಯ ಇತ್ತು. ಒಂದು ಕೋಣೆಗೆ ಬೇಕಾದ ಸಿಮೆಂಟ್ ಮತ್ತು ಬಣ್ಣವನ್ನು ಒಣಗಿದ್ದಾಗಲೇ ಒಂದೇ ರಾಶಿ ಮಾಡಿ ಬೆರೆಸಿಟ್ಟುಕೊಳ್ಳುವುದು ಒಳ್ಳೆಯ ಮೇಸ್ತ್ರಿಯ ಲಕ್ಷಣ. ಅರ್ಧಕ್ಕೆ ಸಾಲದೆ ಮತ್ತೆ ಕಲಸಿದರೆ ನೆಲವೇ ಚಾಡಿ ಹೇಳುತ್ತಿತ್ತು.

ಮೆರುಗಿನ ಟೈಲ್ಸ್ ನಮ್ಮಲ್ಲಿ ಹೆಚ್ಚಿದ್ದು ಸ್ವಾತಂತ್ರ್ಯದ ನಂತರ. ಎಚ್ ಅಂಡ್ ಆರ್ ಜಾನ್ಸನ್ ಕಂಪನಿ 1958ರಲ್ಲಿ ಭಾರತಕ್ಕೆ ಬಂತು. ಮರುವರ್ಷ, 1959ರಲ್ಲಿ, ಕೇರಳದ ಕೊಟ್ಟಾಯಂನ ಟ್ರಾವಂಕೂರ್ ಸಿಮೆಂಟ್ಸ್ ವೆಂಬನಾಡು ಕೆರೆಯ ಚಿಪ್ಪಿನ ಸುಣ್ಣದಿಂದ ಬಿಳಿ ಸಿಮೆಂಟ್ ಮಾಡತೊಡಗಿತು. ಮಾಮೂಲಿ ಸಿಮೆಂಟಿಗೆ ಬೂದು ಬಣ್ಣ ಕೊಡುವುದು ಮುಖ್ಯವಾಗಿ ಕಬ್ಬಿಣದ ಅಂಶ. ಅದು ತೀರಾ ಕಡಿಮೆ ಇದ್ದರೆ ಸಿಮೆಂಟ್ ಬೆಳ್ಳಗಿರುತ್ತದೆ. 1984ರಲ್ಲಿ ರಾಜಸ್ಥಾನದ ಗೋಟನ್‌ನಲ್ಲೂ ದೊಡ್ಡ ಬಿಳಿ ಸಿಮೆಂಟ್ ಕಾರ್ಖಾನೆ ಶುರುವಾಯಿತು.

ಆ ಕಾಲದ ಬಾತ್‌ರೂಮುಗಳನ್ನು ನೆನಪಿಸಿಕೊಳ್ಳಿ. ಬಿಳಿ ಟೈಲ್ಸ್, ಸಂದಿಗೆ ಬಿಳಿ ಸಿಮೆಂಟ್. ಬಿಳಿಯ ಮೇಲೆ ಬಿಳಿ ಕಲೆ ಬಂದರೆ ಯಾರಿಗೆ ಕಾಣಬೇಕು? ಬೂದು, ಕಂದು, ಕಪ್ಪು ಟೈಲ್ಸ್ ಬಂದು, ಸಂದಿಗೂ ಬಣ್ಣ ಬೇಕು ಅಂದಾಗಲೇ ಹಳೇ ದೋಷ ಕಣ್ಣಿಗೆ ಬಿದ್ದದ್ದು.

ಏನದು ದೋಷ? ಅದೇ ಅಜ್ಜನ ಸುಣ್ಣ. ಸಿಮೆಂಟ್ ಬಿಗಿಯುವಾಗ ಒಳಗೆ ಸುಣ್ಣ ಹುಟ್ಟುತ್ತದೆ. ಕಲಸುವಾಗ ನೀರು ಹೆಚ್ಚಾದರೆ, ಒರೆಸುವಾಗ ಸ್ಪಾಂಜಿನಿಂದ ನೀರು ಸುರಿಯುತ್ತಿದ್ದರೆ, ಆ ಸುಣ್ಣ ನೀರಿನ ಜೊತೆ ಮೇಲೆ ಬರುತ್ತದೆ. ನೀರು ಆರಿಹೋಗುತ್ತದೆ, ಸುಣ್ಣ ಗಾಳಿ ಹೀರಿಕೊಂಡು ಬಿಳಿ ಪೊರೆಯಾಗಿ ಕೂರುತ್ತದೆ. ಗಾರೆ ಗೋಡೆಯನ್ನು ನೂರಾರು ವರ್ಷ ನಿಲ್ಲಿಸಿದ ಕ್ರಿಯೆಯೇ ಇಲ್ಲಿ ಕಲೆಯಾಗಿ ಕಾಣುತ್ತದೆ. ಒಂದೇ ಪಾಕೀಟಿನ ಮಾಲಾದರೂ ಒಂದು ಬಾಂಡ್ಲಿಗೆ ನೀರು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದರೆ ಎರಡು ಬಣ್ಣ ಬರುತ್ತದೆ.

ಹಾಗಾಗಿ ಜಗಳಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ. ಗ್ರೌಟ್ ಪೂರ್ತಿ ಒಣಗಲು ಕೆಲವು ದಿನ ಬಿಡಿ. ಆಮೇಲೆ ಒಂದು ಚೊಂಬು ನೀರು ಹಾಕಿ ನೋಡಿ. ಒದ್ದೆಯಾದಾಗ ಎಲ್ಲ ಒಂದೇ ಬಣ್ಣ ಕಂಡು, ಒಣಗಿದಾಗ ಮತ್ತೆ ಬಿಳಿಚಿದರೆ ಅದು ಬಹುಮಟ್ಟಿಗೆ ಮೇಲಿನ ಸುಣ್ಣದ ಪೊರೆ. ಒದ್ದೆಯಲ್ಲೂ ಬೇರೆ ಬೇರೆ ಬಣ್ಣವೇ ಕಂಡರೆ ಕಲಸಿದ್ದರಲ್ಲೇ ವ್ಯತ್ಯಾಸ.

ಪೊರೆಯಾದರೆ ಮೊದಲು ನೈಲಾನ್ ಬ್ರಷ್ಷಿನಿಂದ ಉಜ್ಜಿ. ಹೋಗದಿದ್ದರೆ ಸಲ್ಫಾಮಿಕ್ ಆ್ಯಸಿಡ್ ಇರುವ ಟೈಲ್ಸ್ ಕ್ಲೀನರ್ ತಂದು, ಪಾಕೀಟಿನ ಮೇಲೆ ಬರೆದ ಅಳತೆಯಲ್ಲೇ ನೀರು ಬೆರೆಸಿ. ಸಂದಿಯನ್ನು ಮೊದಲು ಒದ್ದೆ ಮಾಡಿ, ಒಂದು ಮೂಲೆಯಲ್ಲಿ ಪ್ರಯೋಗ ಮಾಡಿ, ಆಮೇಲೆ ಉಳಿದದ್ದಕ್ಕೆ ಹಚ್ಚಿ ಚೆನ್ನಾಗಿ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ, ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಲೇಬೇಡಿ. ಮಾರ್ಬಲ್ ನೆಲಕ್ಕೆ ಯಾವ ಆ್ಯಸಿಡ್ಡೂ ಬೇಡ. ಕಕ್ಕಸು ತೊಳೆಯುವ ಜೋರು ಆ್ಯಸಿಡ್ ಸುರಿದರೆ ಕಲೆಯ ಜೊತೆ ಗ್ರೌಟೂ ಹೋಗುತ್ತದೆ. ಕಲಸಿದ್ದರಲ್ಲೇ ವ್ಯತ್ಯಾಸವಿದ್ದರೆ ಸಂದಿಗೆ ಬಳಿಯುವ ಗ್ರೌಟ್ ಬಣ್ಣ ಸಿಗುತ್ತದೆ. ಅದೂ ಬೇಡವೆಂದರೆ ಮೇಲಿನ ಎರಡು ಮೂರು ಮಿಲಿಮೀಟರ್ ಕೆರೆದು ತೆಗೆದು, ನೀರನ್ನು ಅಳೆದು, ಒಂದೇ ಸಲ ಕಲಸಿ ತುಂಬಬೇಕು.

ಆ ಮನೆಯಲ್ಲಿ ವಾರದ ನಂತರ ಚೊಂಬು ನೀರು ಹಾಕಿ ನೋಡಿದೆವು. ನಲ್ಲಿಯ ಕೆಳಗಿನ ಬಿಳಿ ಮಾಯವಾಗಿ, ಬಾಗಿಲ ಬಳಿಯ ಬಣ್ಣಕ್ಕೇ ಬಂತು. ಮೂಲೆ ಮಾತ್ರ ಬೇರೆಯಾಗಿಯೇ ಉಳಿಯಿತು. ಕೊನೆಯ ಬಾಂಡ್ಲಿಗೆ ಅಂದಾಜಿನ ಮೇಲೆ ನೀರು ಹಾಕಿದ್ದೆ ಎಂದು ಹುಡುಗನೇ ಒಪ್ಪಿಕೊಂಡ. ಬಿಳಿ ಕ್ಲೀನರ್‌ಗೆ ಹೋಯಿತು, ಮೂಲೆಯನ್ನು ಅವನು ಕೆರೆದು ಮತ್ತೆ ತುಂಬಿಕೊಟ್ಟ. ಯಜಮಾನರು ಬಾಕಿ ಹಣ ಕೊಟ್ಟರು. ಕೊಡುವಾಗ, "ಮೊದಲೇ ನೀರು ಹಾಕಿ ನೋಡಬೇಕಿತ್ತು ಕಣಪ್ಪಾ," ಅಂದರು.

ಟೈಲ್ಸ್ ಕೆಲಸಕ್ಕೆ ಹೋಗುವ ತಮ್ಮಂದಿರೇ, ಬಾಂಡ್ಲಿಯ ಜೊತೆ ಒಂದು ಅಳತೆ ಜಗ್ ಇಟ್ಟುಕೊಳ್ಳಿ, ಸ್ಪಾಂಜನ್ನು ಹಿಂಡಿಯೇ ಒರೆಸಿ. ಮನೆ ಕಟ್ಟಿಸುವವರೇ, ಕೂಲಿ ಹಿಡಿಯುವ ಮುನ್ನ ಒಂದು ಚೊಂಬು ನೀರು ಹಾಕಿ ನೋಡಿ.