ಕಂಪವಾತವೂ ಬುದ್ಧಿಯೂ

ವೃದ್ಧರ ಕೈ ನಡುಗಿದರೆ, ನಡಿಗೆ ಕುಂದಿದರೆ, ಅದನ್ನು ವಯೋಧರ್ಮವೆಂದೆಣಿಸಿ ಸುಮ್ಮನಾಗುವುದು ಲೋಕರೂಢಿ. ಶಿಂಷಾ ತೀರದ ಮಾರ್ಕೋನಹಳ್ಳಿಯಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಈ ರೂಢಿ ಒಂದೇ. ಆದರೆ ನಡುಕವೂ ಒಂದು ರೋಗವೆಂಬ ಅರಿವು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ಚರಕಸಂಹಿತೆಯು ಎಣಿಸುವ 80 ವಾತವಿಕಾರಗಳಲ್ಲಿ ವೇಪಥುವೂ ಒಂದು. ಅದೇ ಮುಂದೆ ಕಂಪವಾತವೆನಿಸಿತು.

ಪಾಶ್ಚಾತ್ಯರಲ್ಲಿ ಇದನ್ನು ವಿಶದವಾಗಿ ವರ್ಣಿಸಿದವನು ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್. 1817ರಲ್ಲಿ ಆತನು ಪ್ರಕಟಿಸಿದ ಪ್ರಬಂಧಕ್ಕೆ ಆಧಾರ ಕೇವಲ ಆರು ಮಂದಿ ರೋಗಿಗಳು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದು ಮಾತ್ರ. ಈ ರೋಗದಲ್ಲಿ ಬುದ್ಧಿಗೆ ಕೇಡಿಲ್ಲವೆಂದು ಆತನು ಬರೆದನು. ಪ್ಯಾರಿಸ್ಸಿನ ಶಾರ್ಕೋ ಎಂಬ ಪಂಡಿತನು ರೋಗಕ್ಕೆ ಪಾರ್ಕಿನ್‌ಸನ್ನನ ಹೆಸರನ್ನೇ ಇಟ್ಟನಾದರೂ, ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಕಾಲಕ್ರಮದಲ್ಲಿ ಬುದ್ಧಿಯೂ ಮಸುಕಾಗುವುದನ್ನು ಅವನು ಗುರುತಿಸಿದ್ದನು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದ ದೀರ್ಘ ಪರಿಶೀಲನೆಯಲ್ಲಿ, ರೋಗದೊಡನೆ 20 ವರ್ಷ ಬದುಕಿದವರ ಪೈಕಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಮರೆಗುಳಿತನವೇ ಮೊದಲಾದ ಬುದ್ಧಿಲೋಪ ಕಂಡುಬಂದಿತು.

ಔಷಧದ ಚರಿತ್ರೆಯಲ್ಲಿ ನಮ್ಮ ನಾಡಿನ ನಸುಗುನ್ನಿಗೂ ಸ್ಥಾನವುಂಟು. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬುವರು ಅದರ ಬೀಜದಿಂದ ಡೋಪಾ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಮಿದುಳಿನಲ್ಲಿ ಡೋಪಮಿನ್ ಕ್ಷೀಣಿಸುವುದೇ ಚಲನೆ ಕುಂದಲು ಮುಖ್ಯ ಕಾರಣವೆಂದು ತಿಳಿದ ಮೇಲೆ, 1960ರ ದಶಕದಲ್ಲಿ ಡೋಪಾ ಔಷಧವಾಯಿತು. ಅದು ಕೈಕಾಲುಗಳನ್ನು ಸಡಿಲಿಸಿತು. ಬುದ್ಧಿಯ ಮಂಕನ್ನು ಅಷ್ಟಾಗಿ ಕಳೆಯಲಿಲ್ಲ. ನಡುಕ ತಗ್ಗಿಸಲು ಕೊಡುವ ಬೇರೆ ಕೆಲವು ಔಷಧಗಳಂತೂ ವೃದ್ಧರ ಜ್ಞಾಪಕಶಕ್ತಿಯನ್ನು ಇನ್ನಷ್ಟು ಕುಂದಿಸಬಲ್ಲವು.

ದೇಹವನ್ನು ಒಬ್ಬರು, ಮನಸ್ಸನ್ನು ಮತ್ತೊಬ್ಬರು ನೋಡಿದರೆ ಸಾಲದೆಂಬುದು ಇದರಿಂದ ವಿದಿತವಾಗುತ್ತದೆ. ಬೆಂಗಳೂರಿನ ಮನೋರೋಗಾಸ್ಪತ್ರೆಯ ಚರಿತ್ರೆ ಇದೇ ದಾರಿಯಲ್ಲಿ ಸಾಗಿತು. ಹಿಂದೆ ಅದು ಹುಚ್ಚರ ಆಸ್ಪತ್ರೆ ಎನಿಸಿಕೊಂಡಿತ್ತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ನರವೈದ್ಯವೂ ಮನೋವೈದ್ಯವೂ ಒಂದೇ ಆವರಣದಲ್ಲಿವೆ.

ಮನೆಮಂದಿಗೆ ಈ ಚರಿತ್ರೆಯಿಂದ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಮುಖದಲ್ಲಿ ಭಾವ ಮೂಡದಿದ್ದರೆ, ಉತ್ತರ ತಡವಾದರೆ, ಹಿರಿಯರ ಬುದ್ಧಿ ಹೋಯಿತೆಂದು ತಿಳಿಯಬಾರದು. ಸ್ನಾಯುಗಳ ಬಿಗಿತದೊಳಗೆ ತಿಳಿಯಾದ ಮನಸ್ಸಿರಬಹುದು. ಅಂತೆಯೇ ಮರೆವು, ಗೊಂದಲ, ವಿಷಾದಗಳು ತಲೆದೋರಿದಾಗ ಅದನ್ನು ಹಟವೆಂದು ಗದರಿಸಲೂ ಆಗದು. ಅವೂ ರೋಗದ ಲಕ್ಷಣಗಳೇ. ಪಾರ್ಕಿನ್‌ಸನ್ನನು ಕಾಣದೆಹೋದದ್ದನ್ನು ದಿನವೂ ಜೊತೆಯಲ್ಲಿರುವ ಮನೆಯವರು ಕಾಣಬಲ್ಲರು. ಕಂಡದ್ದನ್ನು ವೈದ್ಯರಿಗೆ ತಿಳಿಸುವುದೂ ಹಿರಿಯರ ಸೇವೆಯೇ ಸರಿ.