ಅಕ್ಕನ ಸ್ಕೋರ್ ಎಷ್ಟು? ಸಾಲೋಟಗಿಯಿಂದ ಸ್ಕೋಪಸ್‌ವರೆಗೆ, ಓದನ್ನ ಅಳೆದ ಕಥಿ

(1/7)

ಹೋದ ಶ್ರಾವಣದಾಗ ನಮ್ಮ ದೊಡ್ಡಪ್ಪನ ಮಗಳು ಊರಿಗೆ ಬಂದಿದ್ದಳು. ಅಕ್ಕ ಸಮಾಜ ವಿಜ್ಞಾನದಾಗ ಪಿಎಚ್‌ಡಿ ಮಾಡ್ತಾಳ. ವಿಷಯ: ಇಂಡಿ, ಸಿಂದಗಿ ಕಡೆಯಿಂದ ಮಹಾರಾಷ್ಟ್ರ, ಗೋವಾಕ್ಕ ದುಡಿಯಾಕ ಹೋಗೋ ಕುಟುಂಬಗಳು. ಎರಡು ವರ್ಷ ತಾಂಡಾ, ಹೊಲ, ಬಸ್ ಸ್ಟ್ಯಾಂಡ್ ಅಂತ ಅಡ್ಡಾಡಿ ನಾಲ್ಕು ನೋಟ್‌ಬುಕ್ ತುಂಬಿಸ್ಯಾಳ.

ರಾತ್ರಿ ಊಟ ಮುಗಿಸಿ ಕಟ್ಟಿ ಮ್ಯಾಲೆ ಕುಂತಾಗ ಅಕ್ಕನ ಫೋನಿಗೆ ಒಂದು ಮೆಸೇಜ್ ಬಂತು. ಯಾವುದೋ ಜರ್ನಲ್‌ನವರು. "ಮೂರು ದಿನದಾಗ ಪೇಪರ್ ಪ್ರಕಟ ಮಾಡ್ತೀವಿ, ಫೀ ಕಟ್ರಿ." ಅಕ್ಕ ನಕ್ಕಳು. ಆಮ್ಯಾಲೆ ಸುಮ್ಮನಾದಳು. "ನನ್ನ ಜೋಡಿ ಓದಿದವರದು ಆರು ಪೇಪರ್ ಆಗ್ಯಾವ. ನನ್ನದು ಸೊನ್ನೆ. ಇಂಟರ್‌ವ್ಯೂಗೆ ಹೋದ್ರ ನೋಟ್‌ಬುಕ್ ಯಾರು ನೋಡ್ತಾರ?" ಅಂದಳು.

ಅವತ್ತಿನಿಂದ ಒಂದ ಪ್ರಶ್ನೆ ತಲಿಯೊಳಗ ಕುಂತೈತಿ. ವಿಶ್ವವಿದ್ಯಾಲಯದ ಒಂದು ವಿಭಾಗ ಎಷ್ಟು ಸಂಶೋಧನೆ ಮಾಡಿತು ಅಂತ ಅಳೆಯೋದು ಹೆಂಗ? ಈ ಅಳತೆ ಎಲ್ಲಿಂದ ಬಂತು?

ಇದು ದೂರದ ಊರಿನ ಕಥಿ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ನಾಲ್ಕೂ ತಾಲೂಕು ಇದರಾಗ ಬರ್ತಾವ. ಒಂದೊಂದೇ ಸ್ಲೈಡ್ ಸರಿಸಿ ಓದ್ರಿ, ಅವಸರ ಮಾಡಬ್ಯಾಡ್ರಿ.

(2/7)

ಮೊದಲ ನಿಲ್ದಾಣ ಸಾಲೋಟಗಿ. ಇಂಡಿಯಿಂದ ಹತ್ತಿರ. ಜಾತ್ರೆಗೆ ಹೋಗಿರ್ತೀರಿ, ಆದ್ರ ಅಲ್ಲಿಯ ಕಂಬದ ಶಾಸನದ ಸುದ್ದಿ ಗೊತ್ತೈತೇನು?

ಶಕ 867, ಅಂದರೆ ಕ್ರಿ.ಶ. 945. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ಶಾಲೆ ಕಟ್ಟಿಸಿದ. ಆಗ ಊರಿನ ಹೆಸರು ಪಾವಿಟ್ಟಗೆ. ಬೇರೆ ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಇಲ್ಲಿಗೆ ಓದಲಿಕ್ಕೆ ಬರುತ್ತಿದ್ದರು ಅಂತ ಶಾಸನ ಹೇಳುತ್ತದೆ. ಅವರು ಉಳಿದುಕೊಳ್ಳಲು 27 ಮನೆ. ದೀಪದ ಎಣ್ಣೆಯ ಖರ್ಚಿಗೆ 12 ನಿವರ್ತನ ಭೂಮಿ. ಅಧ್ಯಾಪಕನಿಗೆ 50 ನಿವರ್ತನ ಭೂಮಿ, ಇರಲು ಒಂದು ಮನೆ. ಊರಾಗ ಮದುವೆಯಾದರ ಶಾಲೆಗೆ 5 ನಾಣ್ಯ, ಉಪನಯನಕ್ಕ ಎರಡೂವರೆ, ಚೌಲಕ್ಕ ಒಂದೂಕಾಲು.

ಈಗಿನ ಭಾಷೆಯೊಳಗ ಹೇಳಬೇಕಂದ್ರ ಇದು ಹಾಸ್ಟೆಲ್, ಕರೆಂಟ್ ಬಿಲ್, ಸಂಬಳ, ದೇಣಿಗೆ. ಪೂರಾ ಬಜೆಟ್. ಮಜಾ ಏನಂದ್ರ, ಕಲ್ಲಿನ ಮ್ಯಾಲೆ ಕೆತ್ತಿದ ಲೆಕ್ಕ ಎಲ್ಲಾ ಓದಿಗೆ ಏನು ಕೊಟ್ಟಿವಿ ಅನ್ನೋದರ ಲೆಕ್ಕ. ಅಧ್ಯಾಪಕ ವರ್ಷಕ್ಕ ಎಷ್ಟು ಗ್ರಂಥ ಬರೀಬೇಕು ಅನ್ನೋ ಸಾಲು ಅಲ್ಲಿಲ್ಲ. ಶಾಲೆಯ ಕೀರ್ತಿಗೆ ಕೊಟ್ಟ ಸಾಕ್ಷಿ ಒಂದ: ದೂರದಿಂದ ಹುಡುಗರು ಬರ್ತಾರ.

ಬಾಗೇವಾಡಿ ತಾಲೂಕಿನ ಮನಗೂಳಿಯೊಳಗೂ ಇಂಥದ್ದೇ ನೆನಪು ಐತಿ. 12ನೇ ಶತಮಾನದ ಶಾಸನದಲ್ಲಿ ಕೌಮಾರ ವ್ಯಾಕರಣ ಕಲಿಸುವವರಿಗೆ ಭೂಮಿ ಬಿಟ್ಟ ಉಲ್ಲೇಖ ಸಿಗುತ್ತದೆ.

ಆದ್ರ ಒಂದು ಮಾತು ಮುಚ್ಚಿಡೋದು ಬ್ಯಾಡ. ಸಾಲೋಟಗಿಯ 27 ಮನೆಗಳೊಳಗ ಕುಂಬಾರನ ಮಗಳಿಗೆ, ಅಂಬಿಗನ ಮಗನಿಗೆ ಜಾಗ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಆ ಲೆಕ್ಕದಾಗ ವಿದ್ಯೆನೇ ಅಲ್ಲ.

(3/7)

ಲೆಕ್ಕಕ್ಕ ಬರದವರ ಮಾತು ಕೇಳಿಸಿದ್ದು 12ನೇ ಶತಮಾನದಾಗ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ, ಅವನ ಸುತ್ತ ಸೇರಿದ ಅಂಬಿಗ, ಮಾದಾರ, ಹಗ್ಗ ಹೊಸೆಯುವವ, ಅಕ್ಕಿ ಆಯುವವಳು. ನೀಲಮ್ಮ ಐಕ್ಯಳಾದ ಜಾಗ ಅಂತ ಜನ ನಂಬೋ ತಂಗಡಗಿ ನಮ್ಮ ಮುದ್ದೇಬಿಹಾಳ ತಾಲೂಕಿನದು, ಕೃಷ್ಣಾ ನದಿ ದಂಡಿ.

ಇವರ ವಚನಗಳು ಶತಮಾನಗಟ್ಟಲೆ ತಾಳೆಗರಿಯಲ್ಲಿ, ಮನೆಮನೆಯ ಜಗಲಿ ಮೇಲೆ ಉಳಿದುಕೊಂಡವು. ಅವನ್ನ ಹುಡುಕಿ ತಂದವರು ಯಾವ ವಿಭಾಗದ ಪ್ರೊಫೆಸರೂ ಅಲ್ಲ. ವಿಜಯಪುರದ ಒಬ್ಬ ವಕೀಲರು: ಫ.ಗು. ಹಳಕಟ್ಟಿ (1880–1964).

ಕೋರ್ಟಿನ ಕೆಲಸದ ನಡುವೆ ಊರೂರು ತಿರುಗಿ ಕಟ್ಟು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು. ಅಚ್ಚು ಹಾಕಲು ತಮ್ಮದೇ ಪ್ರೆಸ್ ಬೇಕು ಅಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರು ಓದುಗರಿಗೆ ಸಿಗೋ ಹಂಗಾತು. ಕರ್ನಾಟಕ ವಿಶ್ವವಿದ್ಯಾಲಯ 1956ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಆಗ ಅವರ ವಯಸ್ಸು 76.

ಈಗ ಒಂದು ಆಟ ಆಡೋಣ. ಇವತ್ತಿನ ಯುಜಿಸಿ ಅಂಕಪಟ್ಟಿಯೊಳಗ (2018ರ ನಿಯಮ) ರಾಷ್ಟ್ರೀಯ ಪ್ರಕಾಶಕರು ತಂದ ಪುಸ್ತಕಕ್ಕೆ ಸಂಪಾದಕನಾದರೆ 8 ಅಂಕ. ಹಳಕಟ್ಟಿಯವರ ಪ್ರಕಾಶಕ ಯಾರು? ಅವರೇ. ಪ್ರೆಸ್ ಯಾರದು? ಅವರದೇ. ಪತ್ರಿಕೆಯ ಸಂಪಾದಕ? ಅವರೇ. ಕಮಿಟಿ ಮುಂದೆ ಫೈಲ್ ಇಟ್ಟರ ಆ 8 ಅಂಕನೂ ಅನುಮಾನ.

(4/7)

ಹಂಗಾದ್ರ ಈ ಅಂಕ ಹಾಕೋ ಪದ್ಧತಿ ಯಾರು ತಂದರು? ಶುರುವಿನಾಗ ಉದ್ದೇಶ ಕೆಟ್ಟದ್ದೇನೂ ಅಲ್ಲ.

1948ರಲ್ಲಿ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ ಎಸ್.ಆರ್. ರಂಗನಾಥನ್ ‘ಲೈಬ್ರಮೆಟ್ರಿ’ ಅನ್ನೋ ಮಾತು ಮುಂದಿಟ್ಟರು. ಗ್ರಂಥಾಲಯದ ಕೆಲಸವನ್ನ ಸಂಖ್ಯಾಶಾಸ್ತ್ರದಿಂದ ನೋಡೋಣ ಅಂತ. ಮುಂದ ಅವರು ಬೆಂಗಳೂರಿನಲ್ಲೇ ನೆಲೆಸಿದರು, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಕೇಂದ್ರ ಕಟ್ಟಿದರು. ಅವರ ಚಿಂತೆ ಒಂದ: ಓದುಗನಿಗೆ ಪುಸ್ತಕ ಸಿಗಬೇಕು.

ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ತಂದರು. ಯಾವ ಲೇಖನವನ್ನ ಯಾರು ಉಲ್ಲೇಖಿಸಿದರು ಅನ್ನೋ ಪಟ್ಟಿ ಅದು. 1973ರಲ್ಲಿ ಸಮಾಜ ವಿಜ್ಞಾನಗಳಿಗೂ ಅಂಥ ಪಟ್ಟಿ ಬಂತು. 2005ರಲ್ಲಿ ಹೋರ್ಹೆ ಹಿರ್ಷ್ ಅನ್ನೋ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಕೊಟ್ಟರು. ನಿಮ್ಮ 10 ಲೇಖನಗಳಿಗೆ ತಲಾ ಕನಿಷ್ಠ 10 ಉಲ್ಲೇಖ ಇದ್ದರೆ ನಿಮ್ಮ ಎಚ್ 10. ಇಷ್ಟೇ ಲೆಕ್ಕ.

ನಮ್ಮ ದೇಶದಾಗ ಯುಜಿಸಿ 2010ರಲ್ಲಿ ಎಪಿಐ ಅಂಕ ತಂದಿತು. 2018ರಲ್ಲಿ ನಿಯಮ ಬದಲಾತು. ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೆ 10 ಪ್ರಕಟಣೆ, 120 ಸಂಶೋಧನಾ ಅಂಕ. ಸಮಾಜ ವಿಜ್ಞಾನದಾಗ ಒಂದು ಪೇಪರಿಗೆ 10 ಅಂಕ. ರಾಷ್ಟ್ರೀಯ ಪ್ರಕಾಶಕರ ಪೂರ್ತಿ ಪುಸ್ತಕಕ್ಕೂ 10. ಹತ್ತು ಪುಟದ ಪೇಪರ್, ಹತ್ತು ವರ್ಷದ ಪುಸ್ತಕ, ಎರಡೂ ಒಂದ ತೂಕ!

ಸಂತಿಯೊಳಗ ಯಾವುದಕ್ಕ ರೇಟ್ ಐತಿ ರೈತ ಅದನ್ನ ಬೆಳೀತಾನ. ಇಲ್ಲೂ ಹಂಗ ಆತು. ದುಡ್ಡು ತಗೊಂಡು ಛಾಪಿಸೋ ಜರ್ನಲ್‌ಗಳು ಅಣಬೆ ಹಂಗ ಎದ್ದವು. ಅವನ್ನ ತಡೀಲಿಕ್ಕೆ ಯುಜಿಸಿ ‘ಕೇರ್’ ಪಟ್ಟಿ ಮಾಡಿತು. 2025ರಲ್ಲಿ ಆ ಪಟ್ಟಿಯನ್ನೂ ಕೈಬಿಟ್ಟಿತು. ಪಿಎಚ್‌ಡಿ ಸಲ್ಲಿಸೋ ಮೊದಲು ಪೇಪರ್ ಕಡ್ಡಾಯ ಅನ್ನೋ ನಿಯಮವನ್ನ 2022ರಲ್ಲೇ ತೆಗೆದಿದ್ದರು. ಆದ್ರ ಕೆಲಸ ಬೇಕಂದ್ರ ಪೇಪರ್ ಬೇಕ ಬೇಕು. ಅಕ್ಕನ ಫೋನಿಗೆ ಮೆಸೇಜ್ ಬರೋದು ಅದಕ್ಕ.

(5/7)

ಈ ಅಳತೆಪಟ್ಟಿಯನ್ನ ಇಬ್ಬರ ಮೇಲೆ ಇಟ್ಟು ನೋಡೋಣ.

ಮೊದಲನೆಯವರು ಎಂ.ಎನ್. ಶ್ರೀನಿವಾಸ್, ಮೈಸೂರಿನವರು, ದೇಶದ ದೊಡ್ಡ ಸಮಾಜಶಾಸ್ತ್ರಜ್ಞ. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿದರು. ಬರಹದಲ್ಲಿ ಆ ಹಳ್ಳಿಗೆ ರಾಂಪುರ ಅಂತ ಹೆಸರಿಟ್ಟರು. ವರ್ಷಗಟ್ಟಲೆ ಕೂತು ಆ ಟಿಪ್ಪಣಿ ಜೋಡಿಸಿದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಸಂಸ್ಥೆಗೆ ಯಾರೋ ಬೆಂಕಿ ಹಚ್ಚಿದರು. ಜೋಡಿಸಿಟ್ಟ ಟಿಪ್ಪಣಿ ಸುಟ್ಟು ಹೋತು. ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಬರೆದರು. ‘ದಿ ರಿಮೆಂಬರ್ಡ್ ವಿಲೇಜ್’ ಬಂದದ್ದು 1976ರಲ್ಲಿ. ಹಳ್ಳಿಗೆ ಹೋಗಿದ್ದಕ್ಕೂ ಪುಸ್ತಕಕ್ಕೂ ನಡುವೆ 28 ವರ್ಷ. ಆ ನಡುವೆ ಬೇರೆ ಪುಸ್ತಕ, ಲೇಖನ ಬರೆದರು, ನಿಜ. ಆದ್ರ ಈ ಒಂದು ಕೆಲಸಕ್ಕ ವರ್ಷವರ್ಷ ಅಂಕ ಹಾಕಿದ್ರ 27 ಸಲ ಸೊನ್ನೆ.

ಎರಡನೆಯವರು ನಮ್ಮ ಸಿಂದಗಿ ತಾಲೂಕಿನ ಯರಗಲ್ಲ ಮನೆತನದ ಎಂ.ಎಂ. ಕಲಬುರ್ಗಿ. ಧಾರವಾಡದಲ್ಲಿ ಕನ್ನಡ ಪ್ರಾಧ್ಯಾಪಕರು, ಆಮೇಲೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ. ಶಾಸನ, ಹಸ್ತಪ್ರತಿ, ಜಾನಪದ, ಊರಿನ ಇತಿಹಾಸ ಎಲ್ಲಾ ಕೂಡಿಸಿ ನೋಡಿದವರು. ಅವರ ಸಂಶೋಧನಾ ಲೇಖನಗಳ ‘ಮಾರ್ಗ’ ಸಂಪುಟಗಳಲ್ಲಿ ನಾಲ್ಕನೆಯದಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1993ರಲ್ಲಿ ರಾಜ್ಯ ಸರ್ಕಾರ ತಂದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳಿಗೆ ಪ್ರಧಾನ ಸಂಪಾದಕರು ಅವರೇ. ಹಳಕಟ್ಟಿಯವರು ಹೊತ್ತಿಸಿದ ದೀಪಕ್ಕ ಎಣ್ಣೆ ಹಾಕಿದವರು.

ಸ್ಕೋಪಸ್, ವೆಬ್ ಆಫ್ ಸೈನ್ಸ್ ಪಟ್ಟಿಗಳು ಬಹುತೇಕ ಇಂಗ್ಲಿಷ್ ಜರ್ನಲ್‌ಗಳವು. ಕನ್ನಡದ ಸಂಶೋಧನೆ ಅಲ್ಲಿ ಕಾಣೋದೇ ಅಪರೂಪ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನವರು ಪ್ರಕಟಣೆ ಎಣಿಸಲು ನೋಡೋದು ಇಂಥ ಪಟ್ಟಿಗಳನ್ನೇ. ಆ ಲೆಕ್ಕದಾಗ ಕಲಬುರ್ಗಿ ಸರ್ ಎಲ್ಲಿ ಸಿಗ್ತಾರ? 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಅವರಿಗೆ ಗುಂಡು ಹೊಡೆದರು. ಅವರ ಬರಹದ ತೂಕ ಪಟ್ಟಿಗೆ ಗೊತ್ತಾಗಲಿಲ್ಲ. ಕೊಂದವರಿಗೆ ಗೊತ್ತಾಗಿತ್ತು.

(6/7)

ಇಷ್ಟು ಓದಿ "ಹಂಗಾದ್ರ ಅಳತೆನೇ ಬ್ಯಾಡ" ಅಂತೀರಾ? ತಡ್ರಿ. ನಾನೂ ಹಂಗ ಅಂದುಕೊಂಡಿದ್ದೆ. ಅಕ್ಕನೇ ತಿದ್ದಿದಳು.

2000ದಲ್ಲಿ ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ ಮಾಡಿತು. ಅವರು ಅರ್ಥಶಾಸ್ತ್ರದ ಮೇಷ್ಟ್ರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದವರು. ಸಮಿತಿ 35 ಸೂಚಕ ತಗೊಂಡು ರಾಜ್ಯದ ಆಗಿನ 175 ತಾಲೂಕುಗಳನ್ನ ಅಳೆಯಿತು. ಸರಾಸರಿಗೆ 1 ಅಂತ ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದದ್ದು ಹಿಂದುಳಿದದ್ದು. 2002ರ ವರದಿ ಪ್ರಕಾರ ಅಂಥವು 114. ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯೊಳಗ ಅದಾವ.

ಅದಕ್ಕೂ ಮೊದಲು "ನಮ್ಮ ಕಡೆ ಬರ ಐತಿ, ದವಾಖಾನಿ ಇಲ್ಲ, ಸಾಲಿ ಇಲ್ಲ" ಅಂದ್ರ ಅದು ಗೋಳು ಅನಿಸ್ಕೋತಿತ್ತು. ವರದಿ ಬಂದ ಮ್ಯಾಲೆ ಅದು ಅಂಕಿ ಆತು. ಅಂಕಿಗೆ ಉತ್ತರ ಕೊಡಬೇಕಾಗ್ತದ. 8 ವರ್ಷದಲ್ಲಿ 31,000 ಕೋಟಿ ರೂಪಾಯಿ ಹಾಕಬೇಕು ಅಂತ ಸಮಿತಿ ಹೇಳಿತು, 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಶುರುವಾತು. ಎಲ್ಲಾ ಸರಿಹೋತು ಅಂತಲ್ಲ. 2024ರಲ್ಲಿ ಮತ್ತ ಪ್ರೊ. ಎಂ. ಗೋವಿಂದ ರಾವ್ ಸಮಿತಿ ಮಾಡಬೇಕಾತು. ಆದ್ರ ಇವತ್ತಿಗೂ ನಮ್ಮ ಕಡೆ ಹೋರಾಟಗಾರರ ಬಾಯಾಗ ಮೊದಲು ಬರೋ ಮಾತು "ನಂಜುಂಡಪ್ಪ ವರದಿ".

ಗಮನಿಸಿದ್ರೇನು? 35 ಸೂಚಕ. ಒಂದಲ್ಲ. ಒಂದು ತಾಲೂಕನ್ನ ಬರೇ ರಸ್ತೆಯಿಂದ ಅಳೆಯಬಾರದು, ನೀರು, ಓದು, ಆಸ್ಪತ್ರೆ, ಬ್ಯಾಂಕು ಎಲ್ಲಾ ನೋಡಬೇಕು ಅಂತ ನಮಗ ತೋರಿಸಿದ್ದು ಸಮಾಜ ವಿಜ್ಞಾನನೇ. ಅದೇ ಸಮಾಜ ವಿಜ್ಞಾನದ ವಿಭಾಗವನ್ನ ಅಳೆಯೋವಾಗ ಮಾತ್ರ ಪೇಪರ್ ಎಷ್ಟು ಅನ್ನೋದೊಂದ ಸಾಕಾ?

ಇನ್ನೊಂದು: ಆ ವರದಿ ಜರ್ನಲ್ ಪೇಪರ್ ಅಲ್ಲ. ಎಚ್-ಇಂಡೆಕ್ಸ್‌ಗೆ ಅದರಿಂದ ಏನೂ ಕೂಡೋದಿಲ್ಲ.

(7/7)

ಜಗತ್ತಿನಾಗ ಈ ಮಾತು ಈಗಾಗ್ಲೇ ನಡದೈತಿ. 2015ರಲ್ಲಿ ಸಂಶೋಧನೆ ಅಳೆಯೋ ತಜ್ಞರೇ ಕೂಡಿ ‘ಲೈಡನ್ ಮ್ಯಾನಿಫೆಸ್ಟೋ’ ಅಂತ 10 ಸೂತ್ರ ಬರೆದರು. ಸ್ಥಳೀಯವಾಗಿ ಮಹತ್ವದ ಸಂಶೋಧನೆಯನ್ನ ಕಾಪಾಡಿ ಅನ್ನೋದು ಅದರಾಗ ಒಂದು. ಸಂಖ್ಯೆ ತಜ್ಞರ ತೀರ್ಮಾನಕ್ಕೆ ಆಸರೆ ಆಗಬೇಕೇ ಹೊರತು ಅದರ ಜಾಗ ಹಿಡಿಯಬಾರದು ಅನ್ನೋದು ಇನ್ನೊಂದು.

ಅಳತೆ ಬೇಕು. ಅದು ಇಲ್ಲದಿದ್ರ ಯಾರ ಕಡೆಯವರು, ಯಾವ ಜಾತಿಯವರು ಅನ್ನೋದ ಅಳತೆ ಆಗ್ತದ. ಬಡವರ ಮನೆಯ ಹುಡುಗಿಗೆ ಆ ಪದ್ಧತಿಗಿಂತ ಅಂಕಪಟ್ಟಿನೇ ಎಷ್ಟೋ ವಾಸಿ. ಆದ್ರ ವಿಭಾಗದ ಅಳತೆಯೊಳಗ ಕನ್ನಡದ ಪುಸ್ತಕ, ಊರಿಗೆ ಉಪಯೋಗಕ್ಕ ಬಂದ ವರದಿ, ಕೂಡಿಸಿಟ್ಟ ದಾಖಲೆ, ಕಲಿತು ಹೋದ ವಿದ್ಯಾರ್ಥಿಗಳು, ಇವೂ ಬರಬೇಕು. ಸಾಲೋಟಗಿಯವರ ಹಂಗ ಇನ್ನೊಂದು ಕಡೆನೂ ಬರೀಬೇಕು: ವಿಭಾಗಕ್ಕ ನಾವು ಕೊಟ್ಟದ್ದೇನು? ಹುದ್ದೆ ಖಾಲಿ ಬಿಟ್ಟು, ಗ್ರಂಥಾಲಯಕ್ಕ ದುಡ್ಡು ಕೊಡದೆ, ಪೇಪರ್ ಎಲ್ಲಿ ಅಂತ ಕೇಳೋದು ದೀಪಕ್ಕ ಎಣ್ಣೆ ಹಾಕದೆ ಬೆಳಕು ಎಲ್ಲಿ ಅಂದಂಗ.

ಅಕ್ಕನ ಸುದ್ದಿ ಹೇಳಿ ಮುಗಿಸ್ತೀನಿ. ತಾಂಡಾದ ಒಬ್ಬ ಅಜ್ಜಿ ಅಕ್ಕನ್ನ ಕೇಳಿದ್ದಳಂತ: "ಎಲ್ಲಾ ಬರಕೊಂಡು ಹೋಗ್ತೀ ಯವ್ವಾ, ನಮಗೇನು ಓದಾಕ ಕೊಡ್ತೀ?" ಅಕ್ಕ ಆ ಮೂರು ದಿನದ ಜರ್ನಲ್‌ಗೆ ದುಡ್ಡು ಕಟ್ಟಲಿಲ್ಲ. ಒಂದು ಒಳ್ಳೆ ಇಂಗ್ಲಿಷ್ ಜರ್ನಲ್‌ಗೆ ಪೇಪರ್ ಕಳಿಸ್ಯಾಳ, ಉತ್ತರ ಬರಾಕ ವರ್ಷ ಆಗಬಹುದು. ಅದರ ಜೋಡಿ ಕನ್ನಡದಾಗ 20 ಪುಟದ ಒಂದು ಪುಸ್ತಿಕೆ ಮಾಡಿ ಊರಿನ ಪಂಚಾಯತಿ ಗ್ರಂಥಾಲಯಕ್ಕ ಕೊಟ್ಟಾಳ. ಅದಕ್ಕ ಎಷ್ಟು ಅಂಕ ಅಂತ ಕೇಳಿದೆ. "ಸೊನ್ನೆ" ಅಂದಳು. ಈ ಸಲ ನಕ್ಕಳು.

ಅಜ್ಜಿಗೆ ಓದಾಕ ಬರೋದಿಲ್ಲ. ಆಕೆಯ ಮೊಮ್ಮಗಳು ಗಟ್ಟಿಯಾಗಿ ಓದಿ ಹೇಳ್ಯಾಳ. ನಡುವ ಒಂದು ಕಡೆ ಅಜ್ಜಿ ತಡದು "ಇದು ತಪ್ಪೈತಿ, ನಾವು ಹೋಗಿದ್ದು ಆ ವರ್ಷ ಅಲ್ಲ" ಅಂದಳಂತ. ಅಕ್ಕ ತಿದ್ದಿಕೊಂಡಳು.

ನಿಮ್ಮ ಊರಾಗ ಶಾಸನ, ಹಳೇ ಕಟ್ಟು, ಯಾರೋ ಮೇಷ್ಟ್ರು ಬರೆದಿಟ್ಟ ಊರಿನ ಇತಿಹಾಸ ಏನಾದ್ರೂ ಐತೇನು? ಕಾಮೆಂಟ್‌ನಾಗ ಊರಿನ ಹೆಸರು ಹಾಕ್ರಿ. ಪಿಎಚ್‌ಡಿ ಮಾಡೋ ಅಕ್ಕ, ಅಣ್ಣ ಇದ್ರ ಈ ಸರಣಿ ಕಳಿಸ್ರಿ. "ಪೇಪರ್ ಎಷ್ಟಾದವು?" ಅಂತ ಕೇಳೋ ಮೊದಲು "ಏನು ಸಿಕ್ತು?" ಅಂತ ಕೇಳ್ರಿ.

#ನಮ್ಮವಿಜಯಪುರ #ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಸಾಲೋಟಗಿ #ಫಗುಹಳಕಟ್ಟಿ #ಇತಿಹಾಸಸರಣಿ